ಹಳೆಯ ಓಟು ಕೂರುವ ಮನೆ

ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ರಾಜ್ಯಸಭೆಯ ಬಗ್ಗೆ ಆಡಿದ ಮಾತುಗಳಿವು. ಬರೆದು ಕೊಡಿ ಎಂದು ಕೆಲವರು ಕೇಳಿದರು. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ನಾನೇ ಒಂದು ಪ್ರಶ್ನೆ ಕೇಳಿಬಿಡುತ್ತೇನೆ. ಲೋಕಸಭೆಗೆ ಓಟು ಹಾಕಿದವರು ಕೈ ಎತ್ತಿ. ಸರಿ, ಮುಂದೆ ಕೂತಿರುವ ಮಕ್ಕಳನ್ನು ಬಿಟ್ಟರೆ ಎಲ್ಲರೂ. ಈಗ ರಾಜ್ಯಸಭೆಗೆ ಹಾಕಿದವರು?

ಒಂದು ಕೈ ಕಾಣುತ್ತಿದೆ. ಯಜಮಾನರೇ, ನೀವು ಹಾಕಿದ್ದು ಪದವೀಧರ ಕ್ಷೇತ್ರದ ಓಟು ಇರಬೇಕು, ಅಲ್ವಾ? ಅದು ವಿಧಾನ ಪರಿಷತ್ತು. ಅದೂ ಮೇಲ್ಮನೆಯೇ, ಆದರೆ ಬೆಂಗಳೂರಿನದು. ನಾವು ಅದನ್ನು ಚಿಂತಕರ ಚಾವಡಿ ಅಂತ ಕರೆಯುತ್ತೇವೆ. ಚಿಂತೆ ಎಷ್ಟು ನಡೆಯುತ್ತದೆ ಅನ್ನುವುದು ಬೇರೆ ಮಾತು. ನಾನು ಇವತ್ತು ಹೇಳಲು ಬಂದಿರುವುದು ದೆಹಲಿಯ ಮೇಲ್ಮನೆಯ ಬಗ್ಗೆ. ಅಲ್ಲಿಗೆ ನಾವ್ಯಾರೂ ನೇರವಾಗಿ ಓಟು ಹಾಕುವುದಿಲ್ಲ. ಆದರೂ ನಮ್ಮ ಓಟು ಅಲ್ಲಿ ಕೂತಿದೆ. ಇವತ್ತಿನ ಓಟಲ್ಲ, ಹಳೆಯ ಓಟು.

ಈ ಹಳೆಯ ಓಟು ಅನ್ನುವ ಮಾತನ್ನು ಹಿಡಿದುಕೊಂಡೇ ಇವತ್ತು ಪೂರ್ತಿ ಮಾತಾಡುತ್ತೇನೆ. ಯಾಕೆಂದರೆ ರಾಜ್ಯಸಭೆಯ ಬಗ್ಗೆ ಪುಸ್ತಕದಲ್ಲಿ ಓದುವಾಗ 30 ವರ್ಷ, 6 ವರ್ಷ, 12 ಜನ ಅಂತ ಬರೀ ಸಂಖ್ಯೆಗಳೇ ಕಾಣುತ್ತವೆ. ಪರೀಕ್ಷೆ ಮುಗಿದ ಮೇಲೆ ಮರೆತುಹೋಗುತ್ತವೆ. ಆ ಮನೆ ಯಾಕೆ ಹಾಗೆ ನಡೆದುಕೊಳ್ಳುತ್ತದೆ ಅಂತ ಗೊತ್ತಾಗಬೇಕಾದರೆ ಕಾಲದ ಲೆಕ್ಕ ನೋಡಬೇಕು.

ನಮ್ಮ ಕಡೆ ಗದ್ದೆಯೂ ಇದೆ, ಅಡಿಕೆ ತೋಟವೂ ಇದೆ. ಗದ್ದೆಯಲ್ಲಿ ಒಂದೇ ಸಲ ನಾಟಿ, ಒಂದೇ ಸಲ ಕೊಯ್ಲು. ಕೊಯ್ಲಾದ ಮೇಲೆ ಬರೀ ಕೂಳೆ. ಲೋಕಸಭೆ ಹಾಗೆ. ಐದು ವರ್ಷಕ್ಕೋ ಅದಕ್ಕೂ ಮೊದಲೋ ವಿಸರ್ಜನೆ ಆಗುತ್ತದೆ, 543 ಜಾಗವೂ ಒಟ್ಟಿಗೆ ಖಾಲಿ. ತೋಟ ಹಾಗಲ್ಲ. ಅಲ್ಲೊಂದು ಹಳೆಯ ಮರ ಬೀಳುತ್ತದೆ, ಅದರ ಜಾಗಕ್ಕೆ ಸಸಿ ಇಡುತ್ತೀರಿ. ತೋಟ ಯಾವತ್ತೂ ಖಾಲಿ ಇರುವುದಿಲ್ಲ. ರಾಜ್ಯಸಭೆಯಲ್ಲಿ ಒಬ್ಬೊಬ್ಬ ಸದಸ್ಯರ ಅವಧಿ 6 ವರ್ಷ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗದಷ್ಟು ಜನ ನಿವೃತ್ತರಾಗುತ್ತಾರೆ. ಅಷ್ಟೇ ಜನ ಹೊಸಬರು ಬರುತ್ತಾರೆ. ಇಡೀ ಮನೆಯನ್ನು ವಿಸರ್ಜಿಸುವ ಅಧಿಕಾರ ರಾಷ್ಟ್ರಪತಿಗೂ ಇಲ್ಲ, ಪ್ರಧಾನಿಗೂ ಇಲ್ಲ. 1952ರ ಏಪ್ರಿಲ್ 3ರಂದು ರಚನೆಯಾಗಿ ಮೇ 13ರಂದು ಮೊದಲ ಸಲ ಕೂತ ಮನೆ ಇವತ್ತಿಗೂ ಅದೇ ಮನೆ. ಲೋಕಸಭೆಗೆ ಒಂದನೆಯದು, ಎರಡನೆಯದು, ಹದಿನೇಳನೆಯದು ಅಂತ ನಂಬರು ಇರುತ್ತದೆ. ರಾಜ್ಯಸಭೆಗೆ ನಂಬರು ಇಲ್ಲ, ಗಮನಿಸಿದ್ದೀರಾ?

ಅಂದ ಹಾಗೆ, ಮೊದಲಿಗೆ ಅದರ ಹೆಸರು ರಾಜ್ಯಸಭೆ ಅಂತಲೂ ಇರಲಿಲ್ಲ, ಕೌನ್ಸಿಲ್ ಆಫ್ ಸ್ಟೇಟ್ಸ್ ಅನ್ನುತ್ತಿದ್ದರು. 1954ರ ಆಗಸ್ಟ್‌ನಲ್ಲಿ ಸಭಾಪತಿ ಸರ್ವೇಪಲ್ಲಿ ರಾಧಾಕೃಷ್ಣನ್ ಅವರು ಈಗಿನ ಹೆಸರನ್ನು ಘೋಷಿಸಿದರು. ನಮ್ಮ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿ, ವಿದ್ಯಾರ್ಥಿಗಳೇ ಸಾರೋಟು ಎಳೆದು ರೈಲ್ವೆ ಸ್ಟೇಷನ್ನಿಗೆ ಬಿಟ್ಟುಬಂದರಲ್ಲ, ಅದೇ ಮೇಷ್ಟ್ರು.

ತೋಟ ಖಾಲಿ ಇರುವುದಿಲ್ಲ ಅಂದೆ. ಇದು ಸುಮ್ನೆ ಹೋಲಿಕೆಗೆ ಹೇಳಿದ ಮಾತಲ್ಲ. 1977ರ ಫೆಬ್ರವರಿ ಕೊನೆಯಲ್ಲಿ ಲೋಕಸಭೆ ಇರಲಿಲ್ಲ, ವಿಸರ್ಜನೆ ಆಗಿತ್ತು. ತಮಿಳುನಾಡು ಮತ್ತು ನಾಗಾಲ್ಯಾಂಡಿನ ರಾಷ್ಟ್ರಪತಿ ಆಳ್ವಿಕೆಯನ್ನು ಮುಂದುವರಿಸಲು ಸಂಸತ್ತಿನ ಒಪ್ಪಿಗೆ ಬೇಕಿತ್ತು. ಆಗ ರಾಜ್ಯಸಭೆಯೊಂದೇ ಎರಡು ದಿನ ಕೂತು ಒಪ್ಪಿಗೆ ಕೊಟ್ಟಿತು. 1991ರಲ್ಲಿ ಹರಿಯಾಣದ ವಿಷಯಕ್ಕೂ ಹೀಗೇ ಆಯಿತು. 1977ರ ಆ ಎರಡು ದಿನ ಸಭಾಪತಿಯ ಕುರ್ಚಿಯಲ್ಲಿ ಕೂರಬೇಕಿದ್ದವರು ನಮ್ಮ ಜಮಖಂಡಿ ಕಡೆಯ ಬಿ.ಡಿ. ಜತ್ತಿಯವರು. ಅವರು ಉಪರಾಷ್ಟ್ರಪತಿ. ಉಪರಾಷ್ಟ್ರಪತಿಯೇ ರಾಜ್ಯಸಭೆಯ ಸಭಾಪತಿ. ಆದರೆ ಅದೇ ತಿಂಗಳು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಿದ್ದರಿಂದ ಜತ್ತಿಯವರು ಹಂಗಾಮಿ ರಾಷ್ಟ್ರಪತಿ ಆಗಿದ್ದರು. ರಾಷ್ಟ್ರಪತಿಯ ಕೆಲಸ ಮಾಡುವಾಗ ಸಭಾಪತಿಯ ಕೆಲಸ ಮಾಡುವಂತಿಲ್ಲ.

ಈಗ ಚುನಾವಣೆಗೆ ಬರೋಣ. ಮನೆಯ ಬಲ ಈಗ 245. ಇದರಲ್ಲಿ 12 ಜನರನ್ನು ರಾಷ್ಟ್ರಪತಿ ನಾಮಕರಣ ಮಾಡುತ್ತಾರೆ. ಉಳಿದ 233 ಸೀಟುಗಳು ರಾಜ್ಯಗಳಿಗೆ ಮತ್ತು ವಿಧಾನಸಭೆ ಇರುವ ಕೇಂದ್ರಾಡಳಿತ ಪ್ರದೇಶಗಳಿಗೆ ಹಂಚಿಕೆಯಾಗಿವೆ. ಉತ್ತರ ಪ್ರದೇಶಕ್ಕೆ 31, ಸಿಕ್ಕಿಮಿಗೆ 1, ನಮಗೆ 12. ಅಮೆರಿಕದಲ್ಲಿ ರಾಜ್ಯ ದೊಡ್ಡದಿರಲಿ ಸಣ್ಣದಿರಲಿ ಸೆನೆಟಿಗೆ ಇಬ್ಬರೇ. ನಮ್ಮಲ್ಲಿ ಹಾಗಿಲ್ಲ, ಜನಸಂಖ್ಯೆ ನೋಡಿ ಕೊಟ್ಟಿದ್ದಾರೆ.

ನಮ್ಮ 12ರಲ್ಲಿ ಎರಡು ವರ್ಷಕ್ಕೊಮ್ಮೆ 4 ಖಾಲಿಯಾಗುತ್ತವೆ. ಓಟು ಹಾಕುವವರು ವಿಧಾನಸಭೆಗೆ ಆಯ್ಕೆಯಾದ 224 ಶಾಸಕರು. ಇಲ್ಲಿ ಒಬ್ಬ ಶಾಸಕರಿಗೆ ಒಂದು ಓಟು. ಆದರೆ ಆ ಓಟಿಗೆ 100ರ ಬೆಲೆ. ಚೀಟಿಯ ಮೇಲೆ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಅಂತ ಬರೆಯಬೇಕು. ಯಾರು ಮೊದಲು ಬೇಕು, ಅವರಾಗದಿದ್ದರೆ ಯಾರು, ಅವರೂ ಆಗದಿದ್ದರೆ ಯಾರು ಅಂತ.

ಗೆಲ್ಲಲು ಎಷ್ಟು ಬೇಕು? ಎಲ್ಲ 224 ಓಟೂ ಸಿಂಧುವಾದರೆ ಒಟ್ಟು ಬೆಲೆ 22,400. ಖಾಲಿ ಸೀಟು 4, ಅದಕ್ಕೆ ಒಂದು ಸೇರಿಸಿ 5ರಿಂದ ಭಾಗಿಸಿ. 4,480 ಬಂತು. ಇನ್ನೊಂದು ಕೂಡಿಸಿ, 4,481. ಅಂದರೆ 45 ಶಾಸಕರು. ಪೇಪರಿನಲ್ಲಿ ‘ಗೆಲುವಿಗೆ 45 ಮತ ಬೇಕು’ ಅಂತ ಓದುತ್ತೀರಲ್ಲ, ಅದರ ಹಿಂದಿನ ಲೆಕ್ಕ ಇದು.

ಐದರಿಂದ ಯಾಕೆ ಭಾಗಿಸಬೇಕು ಅಂತ ಕೇಳಬಹುದು. ತಲಾ 45 ಓಟು ಐದು ಜನಕ್ಕೆ ಸಿಗಬೇಕಾದರೆ 225 ಶಾಸಕರು ಬೇಕು. ಇರುವುದು 224. ಹಾಗಾಗಿ ಐದನೆಯವರು ಆ ಗೆರೆ ಮುಟ್ಟಲು ಸಾಧ್ಯವೇ ಇಲ್ಲ. ಬರೀ ನಾಲ್ಕು ಜನ ಮಾತ್ರ ದಾಟಬಹುದಾದ ಅತಿ ಕೆಳಗಿನ ಗೆರೆ ಅದು. ಚೆಂದದ ಲೆಕ್ಕ, ನನಗೆ ಬಹಳ ಇಷ್ಟ.

ಜಾಸ್ತಿ ಬಂದ ಓಟು ಹಾಳಾಗುವುದಿಲ್ಲ. ಒಬ್ಬರಿಗೆ 60 ಶಾಸಕರು 1 ಅಂತ ಬರೆದರು ಅನ್ನಿ. ಬೆಲೆ 6,000. ಅವರಿಗೆ ಬೇಕಾದದ್ದು 4,481. ಉಳಿದದ್ದು 1,519. ಈ ಉಳಿಕೆಯನ್ನು 60 ಚೀಟಿಗೂ ಹಂಚಿದರೆ ಒಂದೊಂದಕ್ಕೆ 25 ಬರುತ್ತದೆ, ಚಿಲ್ಲರೆ ಬಿಟ್ಟುಬಿಡುತ್ತಾರೆ. ಆ ಚೀಟಿಗಳಲ್ಲಿ 2 ಅಂತ ಯಾರ ಹೆಸರಿನ ಮುಂದೆ ಬರೆದಿದ್ದಾರೋ ಅವರಿಗೆ 25ರ ಬೆಲೆಯಲ್ಲಿ ಹೋಗುತ್ತದೆ. ಇಷ್ಟಾದರೂ ಸೀಟು ಉಳಿದರೆ ಕೆಳಗಿರುವವರನ್ನು ಒಬ್ಬೊಬ್ಬರಾಗಿ ಕಣದಿಂದ ತೆಗೆದು, ಅವರ ಚೀಟಿಗಳನ್ನು ಮುಂದಿನವರಿಗೆ ಕೊಡುತ್ತಾರೆ. ಕೊನೆಗೆ ಉಳಿದವರು ಗೆರೆ ಮುಟ್ಟದಿದ್ದರೂ ಗೆದ್ದಂತೆ.

2022ರ ಜೂನ್‌ನಲ್ಲಿ ನಮ್ಮಲ್ಲಿ ನಡೆದದ್ದು ಇದೇ. ಬಿಜೆಪಿಗೆ ಇಬ್ಬರನ್ನು, ಕಾಂಗ್ರೆಸ್ಸಿಗೆ ಒಬ್ಬರನ್ನು ಗೆಲ್ಲಿಸುವ ಬಲ ಇತ್ತು. ನಾಲ್ಕನೆಯ ಸೀಟಿಗೆ ಯಾರ ಹತ್ತಿರವೂ 45 ಇರಲಿಲ್ಲ. ಆದರೂ ಮೂರು ಪಕ್ಷದವರೂ ಅಭ್ಯರ್ಥಿಯನ್ನು ನಿಲ್ಲಿಸಿದರು. ಜೆಡಿಎಸ್ ಕೈಯಲ್ಲಿ 32 ಶಾಸಕರು, ಕಾಂಗ್ರೆಸ್ಸಿನ ಬಳಿ ಉಳಿಕೆ 25ರ ಆಸುಪಾಸು. ಇಬ್ಬರೂ ಕೂಡಿದ್ದರೆ ಸೀಟು ಅವರದೇ. ನೀವು ನಮಗೆ ಹಾಕಿ ಅಂತ ಇವರು, ನೀವೇ ನಮಗೆ ಹಾಕಿ ಅಂತ ಅವರು. ಕೊನೆಗೆ ಬಿಜೆಪಿಯ ಮೂರನೇ ಅಭ್ಯರ್ಥಿ ಲೆಹರ್ ಸಿಂಗ್ ಸಿರೋಯಾ ಗೆದ್ದರು. ಇಬ್ಬರ ಜಗಳ ಮೂರನೆಯವರಿಗೆ ಲಾಭ ಅನ್ನುವುದನ್ನು ಗಣಿತದಲ್ಲಿ ಬರೆದರೆ ಹೀಗಿರುತ್ತದೆ.

ಈ ಚುನಾವಣೆಯಲ್ಲಿ ಗುಟ್ಟಿನ ಮತದಾನ ಇಲ್ಲ. 2003ರಲ್ಲಿ ಕಾನೂನು ಬದಲಾಯಿತು. ಪಕ್ಷದ ಶಾಸಕರು ಚೀಟಿಯನ್ನು ಪೆಟ್ಟಿಗೆಗೆ ಹಾಕುವ ಮೊದಲು ತಮ್ಮ ಪಕ್ಷದ ಏಜೆಂಟರಿಗೆ ತೋರಿಸಬೇಕು. ಬೇರೆಯವರಿಗೆ ತೋರಿಸಿದರೆ ಓಟು ರದ್ದು. ಪೆನ್ನು ಕೂಡ ಅಲ್ಲಿ ಕೊಟ್ಟದ್ದೇ ಆಗಬೇಕು. 2016ರಲ್ಲಿ ಹರಿಯಾಣದಲ್ಲಿ ಬೇರೆ ಪೆನ್ನಿನಲ್ಲಿ ಬರೆದರು ಅಂತ ಹತ್ತಕ್ಕಿಂತ ಜಾಸ್ತಿ ಓಟು ತಿರಸ್ಕೃತವಾಗಿ ಫಲಿತಾಂಶವೇ ಬುಡಮೇಲಾಯಿತು. ಇಷ್ಟೆಲ್ಲ ಕಾವಲಿದ್ದರೂ ಅಡ್ಡ ಮತದಾನ ನಿಂತಿಲ್ಲ. ಯಾಕೆಂದರೆ ಇಲ್ಲಿ ಪಕ್ಷ ಹೇಳಿದವರಿಗೆ ಹಾಕದಿದ್ದರೆ ಪಕ್ಷ ನಿಮ್ಮನ್ನು ಹೊರಗೆ ಹಾಕಬಹುದು, ಆದರೆ ಅದೊಂದೇ ಕಾರಣಕ್ಕೆ ಶಾಸಕ ಸ್ಥಾನ ಹೋಗುವುದಿಲ್ಲ. ಹಾಗಾಗಿಯೇ ರೆಸಾರ್ಟು, ಬಸ್ಸು, ಮಾಮೂಲಿ ನಾಟಕ. ಅದನ್ನು ಟಿವಿಯಲ್ಲಿ ನೋಡಿಯೇ ಇರುತ್ತೀರಿ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: ‘ಸಾರ್, ನಮ್ಮ ರಾಜ್ಯದ ಸೀಟಿಗೆ ಹೊರಗಿನವರು ಯಾಕೆ ಬರ್ತಾರೆ?’

ಅದೇ 2003ರ ಬದಲಾವಣೆ. ಅದಕ್ಕೆ ಮೊದಲು ಅಭ್ಯರ್ಥಿ ಆಯಾ ರಾಜ್ಯದ ಮತದಾರ ಆಗಿರಬೇಕಿತ್ತು. ಆಗಲೂ ದೊಡ್ಡವರು ಒಂದು ಬಾಡಿಗೆ ಮನೆಯ ವಿಳಾಸ ತೋರಿಸಿ ಹೆಸರು ಸೇರಿಸಿಕೊಳ್ಳುತ್ತಿದ್ದರು ಅನ್ನುವ ಮಾತಿತ್ತು. 2003ರ ನಂತರ ದೇಶದ ಯಾವ ಕ್ಷೇತ್ರದ ಮತದಾರನಾದರೂ ಸಾಕು. ಹಿರಿಯ ಪತ್ರಕರ್ತ ಕುಲದೀಪ್ ನಯ್ಯರ್ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2006ರಲ್ಲಿ ಕೋರ್ಟು ಕಾನೂನನ್ನೇ ಎತ್ತಿ ಹಿಡಿಯಿತು. ಅಲ್ಲೇ ವಾಸ ಇರಬೇಕು ಅನ್ನುವುದು ಒಕ್ಕೂಟ ವ್ಯವಸ್ಥೆಗೆ ಕಡ್ಡಾಯವೇನಲ್ಲ ಅಂದಿತು.

ನನಗೆ ಇದು ಇವತ್ತಿಗೂ ಅಷ್ಟಾಗಿ ಹಿಡಿಸಿಲ್ಲ. ರಾಜ್ಯಸಭೆ ಅಂತ ಹೆಸರಿಟ್ಟು ರಾಜ್ಯದ ನಂಟೇ ಬೇಡ ಅಂದರೆ ಹೇಗೆ? ವೆಂಕಯ್ಯ ನಾಯ್ಡು ನಮ್ಮಲ್ಲಿಂದ ಮೂರು ಸಲ ಹೋದರು. 2016ರಲ್ಲಿ ನಾಲ್ಕನೇ ಸಲದ ಮಾತು ಬಂದಾಗ ನಮ್ಮ ಹುಡುಗರು ‘ವೆಂಕಯ್ಯ ಸಾಕಯ್ಯ’ ಅಂತ ಆನ್‌ಲೈನಿನಲ್ಲಿ ದೊಡ್ಡ ಗಲಾಟೆ ಎಬ್ಬಿಸಿದ್ದು ನೆನಪಿರಬಹುದು. ಅವರು ರಾಜಸ್ಥಾನದಿಂದ ಹೋದರು. ನಮ್ಮಿಂದ ನಿರ್ಮಲಾ ಸೀತಾರಾಮನ್ ಮತ್ತು ಜೈರಾಮ್ ರಮೇಶ್ ಹೋದರು. ಮುಂದೆ ನಾಯ್ಡು ಅವರೇ ಅದೇ ಮನೆಯ ಸಭಾಪತಿಯಾದರು. ಒಂದು ಒಳ್ಳೆಯ ಕೆಲಸವನ್ನೂ ಮಾಡಿದರು. 2018ರಿಂದ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಅಲ್ಲಿ ಮಾತಾಡಬಹುದು, ಮೊದಲೇ ತಿಳಿಸಿದರೆ ಅನುವಾದಕರು ಇರುತ್ತಾರೆ. ತುಳು? ಇಲ್ಲಮ್ಮ, ತುಳು ಇನ್ನೂ ಆ ಪಟ್ಟಿಗೆ ಸೇರಿಲ್ಲ.

ಸರಿ, ಒಳಗೆ ಹೋಗಿ ಕೂತಾಯಿತು. ಏನು ಮಾಡಬಹುದು?

ಮೊದಲು, ಏನು ಮಾಡಲಾಗದು ಅಂತ ಹೇಳುತ್ತೇನೆ. ಸರ್ಕಾರವನ್ನು ಇಳಿಸಲು ಆಗುವುದಿಲ್ಲ. ಅವಿಶ್ವಾಸ ನಿರ್ಣಯ ಲೋಕಸಭೆಯದ್ದು. ಆದರೆ ಪ್ರಧಾನಿ ಈ ಮನೆಯಿಂದ ಬರಬಹುದು. ಇಂದಿರಾ ಗಾಂಧಿ 1966ರಲ್ಲಿ ಮೊದಲ ಸಲ ಪ್ರಧಾನಿ ಆದಾಗ ರಾಜ್ಯಸಭೆಯಲ್ಲಿದ್ದರು. ನಮ್ಮ ದೇವೇಗೌಡರು 1996ರ ಜೂನ್‌ನಲ್ಲಿ ಪ್ರಧಾನಿ ಆದಾಗ ಎರಡೂ ಮನೆಯ ಸದಸ್ಯರಲ್ಲ, ಆಮೇಲೆ ಕರ್ನಾಟಕದಿಂದ ರಾಜ್ಯಸಭೆಗೆ ಹೋದರು. ಮನಮೋಹನ್ ಸಿಂಗ್ ಹತ್ತು ವರ್ಷ ಇಲ್ಲೇ ಇದ್ದು ಆಳಿದರು.

ಎರಡನೆಯದು ದುಡ್ಡು. ಬಜೆಟ್ ಮೇಲೆ ಚರ್ಚೆ ಮಾಡಬಹುದು, ಅನುದಾನಕ್ಕೆ ಓಟು ಹಾಕುವಂತಿಲ್ಲ. ಹಣಕಾಸು ಮಸೂದೆ ಅನ್ನುವ ಜಾತಿ ಒಂದಿದೆ. ತೆರಿಗೆ, ಸಾಲ, ಖಜಾನೆಯ ಖರ್ಚು, ಇಷ್ಟಕ್ಕೆ ಮಾತ್ರ ಸಂಬಂಧಪಟ್ಟದ್ದು. ಅದು ಬಂದರೆ ರಾಜ್ಯಸಭೆಗೆ ಸಿಗುವುದು 14 ದಿನ. ಸಲಹೆ ಕೊಡಬಹುದು, ಲೋಕಸಭೆ ಕೇಳಿದರೆ ಕೇಳಿತು, ಬಿಟ್ಟರೆ ಬಿಟ್ಟಿತು. ಯಾವುದು ಹಣಕಾಸು ಮಸೂದೆ ಅಂತ ಹೇಳುವವರು ಲೋಕಸಭೆಯ ಸ್ಪೀಕರ್. ಇಲ್ಲೇ ಒಂದು ಕಿಂಡಿ ಇದೆ. 2016ರಲ್ಲಿ ಆಧಾರ್ ಮಸೂದೆಯನ್ನು ಹಣಕಾಸು ಮಸೂದೆ ಅಂತ ತಂದರು. ಆಗ ರಾಜ್ಯಸಭೆಯಲ್ಲಿ ಸರ್ಕಾರಕ್ಕೆ ಬಹುಮತ ಇರಲಿಲ್ಲ. ರಾಜ್ಯಸಭೆ ಐದು ತಿದ್ದುಪಡಿ ಸೂಚಿಸಿತು, ಲೋಕಸಭೆ ಐದನ್ನೂ ತಳ್ಳಿಹಾಕಿತು. ಅಲ್ಲಿಗೆ ಮುಗಿಯಿತು. ಕೋರ್ಟಿನಲ್ಲಿ ಆಧಾರ್ ವಿರುದ್ಧ ಮೊದಲೇ ನಿಂತಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2018ರಲ್ಲಿ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಕಾಯ್ದೆಯ ಬಹುಭಾಗವನ್ನು ಉಳಿಸಿದರು. ಚಂದ್ರಚೂಡ್ ಒಬ್ಬರು, ಇದು ಹಣಕಾಸು ಮಸೂದೆಯೇ ಅಲ್ಲ, ಹೀಗೆ ತಂದದ್ದು ಸಂವಿಧಾನಕ್ಕೆ ಮಾಡಿದ ಮೋಸ ಅಂತ ಬರೆದರು. ನನ್ನ ಅಭಿಪ್ರಾಯ ಕೇಳಿದರೆ ನಾನು ಆ ಒಬ್ಬರ ಕಡೆ. ಮೇಲ್ಮನೆಯ ಬಾಗಿಲು ತಟ್ಟದೆ ಪಕ್ಕದ ಕಿಟಕಿಯಿಂದ ಹಾದುಹೋಗುವ ಅಭ್ಯಾಸ ಯಾವ ಪಕ್ಷಕ್ಕೂ ಒಳ್ಳೆಯದಲ್ಲ.

ಮಾಮೂಲಿ ಮಸೂದೆಗೆ ಎರಡೂ ಮನೆಯ ಒಪ್ಪಿಗೆ ಬೇಕು. ಒಪ್ಪದಿದ್ದರೆ ಜಂಟಿ ಅಧಿವೇಶನ. ಇಷ್ಟು ವರ್ಷದಲ್ಲಿ ಇದಕ್ಕಾಗಿ ಸೇರಿದ್ದು ಮೂರೇ ಸಲ: 1961ರಲ್ಲಿ ವರದಕ್ಷಿಣೆ ನಿಷೇಧಕ್ಕೆ, 1978ರಲ್ಲಿ ಬ್ಯಾಂಕಿಂಗ್ ಸೇವಾ ಆಯೋಗ ರದ್ದತಿಗೆ, 2002ರಲ್ಲಿ ಭಯೋತ್ಪಾದನೆ ತಡೆಯುವ ಪೋಟಾ ಕಾಯ್ದೆಗೆ. ಪೋಟಾವನ್ನು ರಾಜ್ಯಸಭೆ 98ಕ್ಕೆ 113 ಮತಗಳಿಂದ ಸೋಲಿಸಿತ್ತು. ಜಂಟಿಯಾಗಿ ಕೂತಾಗ 425ಕ್ಕೆ 296ರಿಂದ ಪಾಸಾಯಿತು. 543ರ ಮುಂದೆ 245 ಏನು ಮಾಡೀತು? ಹಾಗಾಗಿ ಇಲ್ಲಿ ಮೇಲ್ಮನೆಯ ಕೈಯಲ್ಲಿರುವುದು ತಡಮಾಡುವ ಶಕ್ತಿ ಮಾತ್ರ.

ಆದರೆ ಸಂವಿಧಾನ ತಿದ್ದುಪಡಿಗೆ ಜಂಟಿ ಅಧಿವೇಶನ ಇಲ್ಲ. ಎರಡೂ ಮನೆಯಲ್ಲಿ ಬೇರೆಬೇರೆಯಾಗಿ ಒಟ್ಟು ಬಲದ ಅರ್ಧಕ್ಕಿಂತ ಜಾಸ್ತಿ ಬೇಕು, ಹಾಜರಿದ್ದು ಓಟು ಹಾಕಿದವರಲ್ಲಿ ಮೂರನೇ ಎರಡು ಬೇಕು. ಇಲ್ಲಿ ಹಳೆಯ ಓಟಿನ ಬಲ ಕಾಣುತ್ತದೆ.

ನನಗೆ ತುಂಬಾ ಇಷ್ಟವಾದ ಕಥೆ 1970ರದು. ಸಂಸ್ಥಾನಗಳು ಭಾರತಕ್ಕೆ ಸೇರುವಾಗ ರಾಜರಿಗೆ ವರ್ಷಕ್ಕಿಷ್ಟು ಅಂತ ರಾಜಧನ ಕೊಡುವ ಒಪ್ಪಂದ ಆಗಿತ್ತು. ಮೈಸೂರಿನ ಒಡೆಯರದು ದೊಡ್ಡ ಮೊತ್ತಗಳಲ್ಲಿ ಒಂದು, ವರ್ಷಕ್ಕೆ 26 ಲಕ್ಷ ರೂಪಾಯಿ. ಇಂದಿರಾ ಗಾಂಧಿ ಸರ್ಕಾರ ಇದನ್ನು ನಿಲ್ಲಿಸಲು ಸಂವಿಧಾನ ತಿದ್ದುಪಡಿ ತಂದಿತು. ಲೋಕಸಭೆಯಲ್ಲಿ ಪಾಸಾಯಿತು. ಸೆಪ್ಟೆಂಬರ್ 5ರಂದು ರಾಜ್ಯಸಭೆಯಲ್ಲಿ ಓಟು. ಪರವಾಗಿ 149, ವಿರುದ್ಧ 75. ಒಟ್ಟು 224. ನಮ್ಮ ಶಾಸಕರ ಸಂಖ್ಯೆಯೇ, ನೋಡಿ, ಕಾಕತಾಳೀಯ! 224ರ ಮೂರನೇ ಎರಡು ಎಷ್ಟು? ಮಕ್ಕಳೇ, ಹೇಳಿ. 149 ಮತ್ತು ಮೂರನೇ ಒಂದು. ಬಂದದ್ದು 149. ಒಂದು ಓಟಲ್ಲ, ಓಟಿನ ಮೂರನೇ ಒಂದು ಭಾಗ ಕಡಿಮೆಯಾಗಿ ಮಸೂದೆ ಬಿದ್ದುಹೋಯಿತು.

ಸರ್ಕಾರ ಸುಮ್ಮನಿರಲಿಲ್ಲ. ರಾಷ್ಟ್ರಪತಿಯ ಆದೇಶದಿಂದ ಎಲ್ಲ ರಾಜರ ಮಾನ್ಯತೆಯನ್ನೇ ತೆಗೆಸಿತು. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಆದೇಶ ಸಲ್ಲದು ಅಂದಿತು. ಅದೇ ತಿಂಗಳ ಕೊನೆಗೆ ಲೋಕಸಭೆ ವಿಸರ್ಜನೆ, 1971ರಲ್ಲಿ ಚುನಾವಣೆ, ಇಂದಿರಾ ಅವರಿಗೆ ಭಾರಿ ಗೆಲುವು. ಆ ವರ್ಷದ ಕೊನೆಗೆ 26ನೇ ತಿದ್ದುಪಡಿ ಎರಡೂ ಮನೆಯಲ್ಲಿ ಪಾಸಾಗಿ ರಾಜಧನ ನಿಂತಿತು. ರಾಜ್ಯಸಭೆ ರಾಜಧನವನ್ನು ಉಳಿಸಲಿಲ್ಲ. ಜನರ ಹತ್ತಿರ ಹೋಗಿ ಕೇಳಿಕೊಂಡು ಬನ್ನಿ ಅಂತ ಸರ್ಕಾರವನ್ನು ಕಳಿಸಿದ ಹಾಗಾಯಿತು, ಅಷ್ಟೇ. ಹಾಗೆ ಮಾಡಬೇಕು ಅಂತ ಅಲ್ಲಿದ್ದ 75 ಜನ ಯೋಚಿಸಿದ್ದರು ಅಂತ ನಾನು ಹೇಳುತ್ತಿಲ್ಲ. ಲೆಕ್ಕ ಹಾಗೆ ಕೂಡಿಬಂತು.

1989ರದು ನಮಗೆ ಇನ್ನೂ ಹತ್ತಿರದ ಕಥೆ. ಪಂಚಾಯಿತಿ ವ್ಯವಸ್ಥೆಯನ್ನು ಸಂವಿಧಾನದಲ್ಲಿ ಸೇರಿಸುವ 64ನೇ ತಿದ್ದುಪಡಿ ಮಸೂದೆಯನ್ನು ರಾಜೀವ್ ಗಾಂಧಿ ಸರ್ಕಾರ ತಂದಿತು. ಲೋಕಸಭೆಯಲ್ಲಿ ಆ ಸರ್ಕಾರಕ್ಕೆ ಬೇಕಾದಷ್ಟು ಬಲ ಇತ್ತು. ಅಕ್ಟೋಬರ್‌ನಲ್ಲಿ ರಾಜ್ಯಸಭೆಯಲ್ಲಿ ಕೆಲವೇ ಮತ ಸಾಲದೆ ಬಿತ್ತು. ಪಂಚಾಯಿತಿ ಬೇಡ ಅಂತ ಯಾರೂ ಹೇಳಲಿಲ್ಲ. ಕರ್ನಾಟಕ ಅಷ್ಟರಲ್ಲೇ ಅದನ್ನು ಮಾಡಿ ತೋರಿಸಿತ್ತು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಸಚಿವರಾಗಿದ್ದ ನಜೀರ್ ಸಾಬರು 1983ರಲ್ಲಿ ಕಾಯ್ದೆ ತಂದು, 1987ರಲ್ಲಿ ಜಿಲ್ಲಾ ಪರಿಷತ್ತಿಗೆ ಚುನಾವಣೆಯೂ ಆಗಿತ್ತು. ವಿರೋಧ ಇದ್ದದ್ದು, ದೆಹಲಿ ರಾಜ್ಯಗಳ ತಲೆ ಮೇಲಿಂದ ನೇರವಾಗಿ ಜಿಲ್ಲೆಗೆ ಕೈ ಹಾಕುತ್ತದೆ ಅನ್ನುವುದಕ್ಕೆ. ಚುನಾವಣೆ ಎದುರಿಗಿದ್ದಾಗ ಇದರಲ್ಲಿ ರಾಜಕೀಯವೂ ಇತ್ತು, ಇಲ್ಲ ಅನ್ನಲಾಗದು. ಆಮೇಲೆ 1992ರ ಡಿಸೆಂಬರ್‌ನಲ್ಲಿ 73ನೇ ತಿದ್ದುಪಡಿ ಪಾಸಾಯಿತು. ರಾಜ್ಯಗಳಿಗೆ ಬಿಡಬೇಕಾದ್ದನ್ನು ಜಾಸ್ತಿಯೇ ಬಿಟ್ಟ ತಿದ್ದುಪಡಿ ಅದು. ನಮ್ಮೂರಿನ ಗ್ರಾಮ ಪಂಚಾಯಿತಿ ನಿಂತಿರುವುದು ಅದರ ಮೇಲೆ.

ಈ ಎರಡೂ ಕಥೆಯಲ್ಲಿ ಸರ್ಕಾರದ ಹತ್ತಿರ ಲೋಕಸಭೆಯ ಬಲ ಇತ್ತು, ರಾಜ್ಯಸಭೆಯಲ್ಲಿ ಸಾಕಾಗಲಿಲ್ಲ. ಯಾಕೆ? ಅಲ್ಲಿ ಕೂತಿದ್ದವರು ಬೇರೆಬೇರೆ ರಾಜ್ಯದ ಜನ ಬೇರೆಬೇರೆ ವರ್ಷ ಹಾಕಿದ ಓಟಿನ ಫಲ. 1977ರಲ್ಲಿ ಜನತಾ ಪಕ್ಷ ಲೋಕಸಭೆ ಗೆದ್ದುಕೊಂಡರೂ ರಾಜ್ಯಸಭೆಯಲ್ಲಿ ಕಾಂಗ್ರೆಸ್ಸೇ ಜಾಸ್ತಿ ಇತ್ತು. 2014ರಲ್ಲಿ ಬಿಜೆಪಿಗೂ ಇದೇ ಪಾಡು, ವರ್ಷಗಟ್ಟಲೆ ಮಸೂದೆಗೊಂದು ಮಿತ್ರರನ್ನು ಹುಡುಕಬೇಕಾಯಿತು. ದೇಶದ ಮನಸ್ಸು ಒಂದು ದಿನದಲ್ಲಿ ತಿರುಗಿದರೂ ಈ ಮನೆ ತಿರುಗಲು ನಾಲ್ಕೈದು ವರ್ಷ ಬೇಕು. ತೋಟದಲ್ಲಿ ಬೆಳೆ ಬದಲಿಸಲು ಅಷ್ಟು ಹೊತ್ತು ಹಿಡಿಯುತ್ತದೆ. ಸಂವಿಧಾನ ಸಭೆಯಲ್ಲಿ ಎನ್. ಗೋಪಾಲಸ್ವಾಮಿ ಅಯ್ಯಂಗಾರ್ ಈ ಮನೆಯ ಪರವಾಗಿ ಕೊಟ್ಟ ಕಾರಣವೂ ಇದೇ ಧಾಟಿಯದು. ಆ ಹೊತ್ತಿನ ಆವೇಶದಲ್ಲಿ ಹುಟ್ಟುವ ಕಾನೂನನ್ನು ಸ್ವಲ್ಪ ಹೊತ್ತು ತಡೆಯಲು ಒಂದು ಮನೆ ಬೇಕು ಅನ್ನುವುದು ಅವರ ವಾದ. ಬೇಡ, ಇದು ಗಾಲಿಗೆ ಅಡ್ಡ ಅಂದವರೂ ಅಲ್ಲೇ ಇದ್ದರು.

ಮಸೂದೆಗಳಿಗೂ ಈ ಕಾಲದ ಲೆಕ್ಕ ತಗಲುತ್ತದೆ. ರಾಜ್ಯಸಭೆಯಲ್ಲಿ ಮಂಡಿಸಿ ಅಲ್ಲೇ ಉಳಿದಿರುವ ಮಸೂದೆ ಲೋಕಸಭೆ ವಿಸರ್ಜನೆಯಾದರೂ ಸಾಯುವುದಿಲ್ಲ. ಆದರೆ ಲೋಕಸಭೆಗೆ ದಾಟಿಹೋದರೆ ಅದರ ಜೊತೆ ಸಾಯುತ್ತದೆ. ಮಹಿಳಾ ಮೀಸಲಾತಿ ಮಸೂದೆ 2010ರ ಮಾರ್ಚ್ 9ರಂದು ರಾಜ್ಯಸಭೆಯಲ್ಲಿ 186ಕ್ಕೆ 1ರಿಂದ ಪಾಸಾಯಿತು. ಲೋಕಸಭೆಗೆ ಹೋಗಿ ನಾಲ್ಕು ವರ್ಷ ಕೂತು, 2014ರಲ್ಲಿ ಆ ಲೋಕಸಭೆಯ ಜೊತೆಗೇ ಮುಗಿಯಿತು. 2023ರಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಗದ್ದೆಗೆ ಹೋದ ಪೈರು ಗದ್ದೆಯ ಹಣೆಬರಹವನ್ನೇ ಹಂಚಿಕೊಳ್ಳಬೇಕು.

ಇನ್ನು ಸದ್ದಿಲ್ಲದ ಕೆಲಸ. ಇದು ಟಿವಿಗೆ ಬರುವುದಿಲ್ಲ. ಬಾಡಿಗೆ ತಾಯ್ತನದ ಮಸೂದೆ 2019ರಲ್ಲಿ ಲೋಕಸಭೆಯಲ್ಲಿ ಪಾಸಾದಾಗ, ಹತ್ತಿರದ ಸಂಬಂಧಿ ಮಾತ್ರ ಬಾಡಿಗೆ ತಾಯಿ ಆಗಬಹುದು ಅಂತಿತ್ತು. ಯೋಚಿಸಿ, ಸ್ವಂತ ಅಕ್ಕತಂಗಿಯರ ಮೇಲೆ, ನಾದಿನಿಯರ ಮೇಲೆ ಎಷ್ಟು ಒತ್ತಡ ಬೀಳಬಹುದು! ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ, ಅಂದರೆ ಮಸೂದೆಯನ್ನು ಕೂತು ಪರಿಶೀಲಿಸುವ ಕೆಲವು ಸದಸ್ಯರ ಗುಂಪಿಗೆ, ಕಳಿಸಿತು. ಸಮಿತಿ ಆ ಷರತ್ತು ತೆಗೆಯಿರಿ, ಒಪ್ಪುವ ಹೆಂಗಸು ಯಾರಾದರೂ ಆಗಬಹುದು ಅಂದಿತು. ತಾಯಿಗೆ ವಿಮೆ 16 ತಿಂಗಳು ಸಾಲದು, 36 ತಿಂಗಳು ಮಾಡಿ ಅಂತಲೂ ಹೇಳಿತು. 2021ರ ಕಾಯ್ದೆಯಲ್ಲಿ ಇವೆರಡೂ ಸೇರಿದವು. ಎರಡನೇ ಮನೆ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು 1970ರ ಕಥೆಗಿಂತ ಮೊದಲು ಇದನ್ನು ಹೇಳುತ್ತೇನೆ.

ಮನೆಯ ಒಂದು ದಿನ ಹೇಗಿರುತ್ತದೆ? ಬೆಳಿಗ್ಗೆ 11ಕ್ಕೆ ಶುರು. ಲೋಕಸಭೆಯಲ್ಲಿ ಪ್ರಶ್ನೋತ್ತರ ಮೊದಲು, ಇಲ್ಲಿ ಶೂನ್ಯವೇಳೆ ಮೊದಲು, ಅಂದರೆ ಸದಸ್ಯರು ತುರ್ತು ವಿಷಯಗಳನ್ನು ಎತ್ತುವ ಹೊತ್ತು. ಪ್ರಶ್ನೋತ್ತರ 12ಕ್ಕೆ. 2014ರಲ್ಲಿ ಸಭಾಪತಿ ಹಮೀದ್ ಅನ್ಸಾರಿ ಹೀಗೆ ಬದಲಿಸಿದರು. 11ಕ್ಕೆ ದಿನವೂ ಗದ್ದಲ ಎದ್ದು ಪ್ರಶ್ನೆಗಳೇ ಮುಳುಗಿಹೋಗುತ್ತಿದ್ದವು. ಗದ್ದಲವೂ ಜಾಣ, ಅದೂ ಸಮಯ ಹೊಂದಿಸಿಕೊಂಡಿತು ಬಿಡಿ. ಶುಕ್ರವಾರ ಮಧ್ಯಾಹ್ನ ಖಾಸಗಿ ಸದಸ್ಯರ, ಅಂದರೆ ಮಂತ್ರಿಗಳಲ್ಲದವರ, ಮಸೂದೆಗಳಿಗೆ. ಅವು ಪಾಸಾಗುವುದು ಅಪರೂಪ. 2015ರಲ್ಲಿ ಡಿಎಂಕೆಯ ತಿರುಚಿ ಶಿವಾ ಅವರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಮಸೂದೆ ರಾಜ್ಯಸಭೆಯಲ್ಲಿ ಪಾಸಾಯಿತು. ನಲವತ್ತಕ್ಕೂ ಜಾಸ್ತಿ ವರ್ಷದಲ್ಲಿ ಅಂಥದ್ದು ಆಗಿರಲಿಲ್ಲ. ಲೋಕಸಭೆಯಲ್ಲಿ ಅದು ಮುಂದೆ ಹೋಗಲಿಲ್ಲ, ಸರ್ಕಾರ ತನ್ನದೇ ಬೇರೆ ಮಸೂದೆ ತಂದಿತು.

ಸಭಾಪತಿ ಈ ಮನೆಯ ಸದಸ್ಯರಲ್ಲ. ಹಾಗಾಗಿ ಅವರಿಗೆ ಓಟಿಲ್ಲ, ಸಮಸಮ ಬಂದರೆ ಮಾತ್ರ ಒಂದು.

ನಾಮಕರಣದ 12 ಜನರ ಬಗ್ಗೆ ಒಂದೇ ಕಥೆ ಹೇಳುತ್ತೇನೆ. ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಯಲ್ಲಿ ಹೆಸರಾದವರನ್ನು ಹೀಗೆ ಕಳಿಸುತ್ತಾರೆ. ನಮ್ಮಿಂದ ರಂಗಭೂಮಿಯ ಬಿ. ಜಯಶ್ರೀ, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆ, ಸುಧಾ ಮೂರ್ತಿ ಹೋಗಿದ್ದಾರೆ. ಕೆಲವು ದೊಡ್ಡ ಹೆಸರಿನವರು ಕುರ್ಚಿಗೆ ಅಲಂಕಾರವಾಗಿ ಉಳಿದರು, ಅದನ್ನೂ ಹೇಳಬೇಕು. ಮೈಸೂರಿನ ಯಾದವಗಿರಿಯ ಆರ್.ಕೆ. ನಾರಾಯಣ್ ಹೆಚ್ಚು ಮಾತಾಡಿದವರಲ್ಲ. ಆದರೆ 1989ರಲ್ಲಿ ತಮ್ಮ ಮೊದಲ ಭಾಷಣಕ್ಕೆ ಅವರು ಎತ್ತಿಕೊಂಡ ವಿಷಯ ಮಕ್ಕಳ ಶಾಲಾ ಚೀಲದ ಭಾರ. ಕಾನೂನು ಮಾಡುವ ಮನೆಯಲ್ಲಿ ನಿಂತು, ಚೀಲ ಹೊತ್ತು ಮಕ್ಕಳ ಬೆನ್ನು ಬಾಗುತ್ತಿದೆ ಅಂದರು. ಮುಂದೆ ವಿಜ್ಞಾನಿ ಯಶ್‌ಪಾಲ್ ಅವರ ನೇತೃತ್ವದಲ್ಲಿ ಸಮಿತಿ ಆಗಿ 1993ರಲ್ಲಿ ವರದಿ ಬಂತು. ಚೀಲ ಹಗುರಾಯಿತಾ ಅಂತ ಮುಂದಿನ ಸಾಲಿನ ಮಕ್ಕಳನ್ನೇ ಕೇಳಿ.

ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: ‘ಸೋತವರು ಹಿಂಬಾಗಿಲಿನಿಂದ ಹೋಗೋ ಮನೆ ಅಂತಾರಲ್ಲ, ನಿಜಾನಾ ಸಾರ್?’

ನಿಜವೂ ಹೌದು. 2019ರಲ್ಲಿ ದೇವೇಗೌಡರು ತುಮಕೂರಿನಲ್ಲಿ ಸೋತರು, ಮಲ್ಲಿಕಾರ್ಜುನ ಖರ್ಗೆ ಕಲಬುರಗಿಯಲ್ಲಿ ಸೋತರು. 2020ರ ಜೂನ್‌ನಲ್ಲಿ ಇಬ್ಬರೂ ಅವಿರೋಧವಾಗಿ ರಾಜ್ಯಸಭೆಗೆ ಆಯ್ಕೆಯಾದರು. 2021ರಲ್ಲಿ ಖರ್ಗೆಯವರು ಅಲ್ಲಿ ವಿರೋಧ ಪಕ್ಷದ ನಾಯಕರಾದರು. ಜನ ಬೇಡ ಅಂದವರನ್ನು ಪಕ್ಷ ಬೇಕು ಅಂದಿತು ಅಂತ ನೀವು ಹೇಳಬಹುದು. ಐವತ್ತು ವರ್ಷದ ಅನುಭವ ಒಂದು ಸೋಲಿನಿಂದ ಮನೆಗೆ ಹೋಗಬೇಕಾ ಅಂತ ಇನ್ನೊಬ್ಬರು ಹೇಳಬಹುದು. ನಾನು ನೋಡುವುದು ಬಾಗಿಲು ಯಾವುದು ಅಂತಲ್ಲ, ಒಳಗೆ ಹೋಗಿ ಎದ್ದು ನಿಂತು ಮಾತಾಡಿದರಾ ಅಂತ. ಹಾಜರಿ, ಕೇಳಿದ ಪ್ರಶ್ನೆ, ಆಡಿದ ಮಾತು ಎಲ್ಲವೂ ರಾಜ್ಯಸಭೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ನಮ್ಮ 12 ಜನರ ಹೆಸರು ಹಾಕಿ ಒಂದು ಸಂಜೆ ನೋಡಮ್ಮ. ಕೆಲವರ ಪುಟ ಬಹಳ ಚಿಕ್ಕದಿದೆ.

ಮಾತು ಮುಗಿದು ಕಾಫಿ ಕುಡಿಯುವಾಗ, ಮೊದಲು ಕೈ ಎತ್ತಿದ್ದ ಯಜಮಾನರು ಹತ್ತಿರ ಬಂದರು. ಕೈಯಲ್ಲಿ ಒಂದು ಚೀಟಿ, ಅದರಲ್ಲಿ ಪೆನ್ಸಿಲಿನ ಲೆಕ್ಕ.

‘ಮೇಷ್ಟ್ರೇ, 2023ರ ಮೇ 10ಕ್ಕೆ ನಾನು ವಿಧಾನಸಭೆಗೆ ಓಟು ಹಾಕಿದೆ. ಆ ಶಾಸಕರು 2024ರ ಫೆಬ್ರವರಿಯಲ್ಲಿ ನಾಲ್ಕು ಜನಾನ ಆರಿಸಿದ್ರು. ಅವರು ಇರೋದು 2030ರವರೆಗೆ. ಸರೀನಾ?’

ಸರಿ ಅಂದೆ.

‘ಇದೇ ಶಾಸಕರದ್ದು 2026ರಲ್ಲಿ ಇನ್ನೊಂದು ಸರದಿ ಬರುತ್ತೆ. ಅವರು ಇರೋದು 2032ರವರೆಗೆ.’

ಅದೂ ಸರಿ ಅಂದೆ. ಈ ವಿಧಾನಸಭೆ 2028ಕ್ಕೇ ಮುಗಿಯುತ್ತದೆ ಅಂತಲೂ ಹೇಳಿದೆ.

ಅವರು ಚೀಟಿಯನ್ನು ಮತ್ತೊಮ್ಮೆ ನೋಡಿದರು. ‘ಅಂದ್ರೆ ನನ್ನ ಒಂದು ಓಟು ಒಂಬತ್ತು ವರ್ಷ ಓಡುತ್ತೆ. 2032ಕ್ಕೆ ನನಗೆ ಎಂಬತ್ತೆರಡು ಆಗಿರುತ್ತೆ’ ಅಂದರು. ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಇನ್ನೊಂದು ಲೋಟ ಕಾಫಿ ಕೇಳಿದರು.